ಮಿತ್ರನ ಹಂಗು: ಕೆನಡಾ ತನ್ನನ್ನು ಕಾಯ್ದುಕೊಳ್ಳುವ ಬಗೆ

2023ರ ಫೆಬ್ರವರಿ 11. ಕೆನಡಾದ ವಾಯವ್ಯ ತುದಿಯಲ್ಲಿರುವ ಯೂಕಾನ್ ಪ್ರದೇಶದ ಮೇಲೆ ಗುರುತು ಸಿಗದ ವಸ್ತುವೊಂದು ತೇಲುತ್ತಿತ್ತು. ಅದಕ್ಕೆ ಒಂದು ವಾರ ಮೊದಲಷ್ಟೇ ಚೀನಾದ ದೊಡ್ಡ ಬಲೂನೊಂದು ಕೆನಡಾ, ಅಮೆರಿಕಗಳ ಆಕಾಶವನ್ನು ಹಾದುಹೋಗಿ, ಕೊನೆಗೆ ಸೌತ್ ಕೆರೊಲಿನಾದ ಕಡಲ ಮೇಲೆ ಅಮೆರಿಕದ ಏಟಿಗೆ ಬಿದ್ದಿತ್ತು. ಹಾಗಾಗಿ ಎಲ್ಲರ ಕಣ್ಣೂ ಮೇಲೆಯೇ ಇತ್ತು. ಹೊಸ ವಸ್ತುವನ್ನು ಹೊಡೆದುಹಾಕಿ ಎಂದು ಪ್ರಧಾನಿ ಜಸ್ಟಿನ್ ಟ್ರೂಡೊ ಆದೇಶ ಕೊಟ್ಟರು. ಕೆನಡಾದ ಸಿಎಫ್-18 ವಿಮಾನಗಳು ಹೊರಟವು, ಅಮೆರಿಕದ ಎಫ್-22 ವಿಮಾನಗಳೂ ಹೊರಟವು. ಕ್ಷಿಪಣಿ ಬಿಟ್ಟಿದ್ದು ಅಮೆರಿಕದ ವಿಮಾನ. ಆಕಾಶ ಕೆನಡಾದ್ದು, ಆದೇಶವೂ ಕೆನಡಾದ್ದು, ಏಟು ಮಾತ್ರ ಅಮೆರಿಕದ್ದು.

ಇದರಲ್ಲಿ ಕದ್ದುಮುಚ್ಚಿ ನಡೆದದ್ದು ಏನೂ ಇಲ್ಲ. ಎರಡೂ ದೇಶಗಳು ದಶಕಗಳ ಹಿಂದೆಯೇ ಕೂತು, ಒಪ್ಪಿ, ಸಹಿ ಹಾಕಿಕೊಂಡ ಏರ್ಪಾಡಿನ ಪ್ರಕಾರವೇ ಎಲ್ಲ ನಡೆಯಿತು. ಆದರೂ ನೀವು ಕೆನಡಾದ ರಕ್ಷಣಾ ಸಚಿವಾಲಯದಲ್ಲಿ ಕೂತಿದ್ದರೆ ಅವತ್ತು ರಾತ್ರಿ ನಿದ್ದೆ ಬರುತ್ತಿತ್ತೇ ಎಂದು ಯೋಚಿಸಿ. ನಾನು ಇಂದು ಮಾತಾಡಬೇಕೆಂದಿರುವುದು ಆ ಇರಿಸುಮುರಿಸಿನ ಬಗ್ಗೆ. ಮಿಲಿಟರಿ ಒಕ್ಕೂಟದೊಳಗಿರುವ ಮಧ್ಯಮ ಬಲದ ದೇಶಕ್ಕೆ ಶತ್ರುವಿನ ಚಿಂತೆ ಒಂದು ಕಡೆ ಇದ್ದರೆ, ಮಿತ್ರನ ಸಹಾಯವೂ ಅಷ್ಟೇ ದೊಡ್ಡ ಚಿಂತೆ. ನನ್ನ ಕೆಲಸವನ್ನು ನಾನು ಮಾಡದಿದ್ದರೆ ಅವನು ಬಂದು ಮಾಡುತ್ತಾನೆ. ಒಮ್ಮೆ ಬಂದವನನ್ನು ಹೋಗು ಎನ್ನುವುದು ಹೇಗೆ?

ಭೂಪಟ ಕಣ್ಣ ಮುಂದೆ ತಂದುಕೊಳ್ಳಿ. ಕೆನಡಾದ ವಿಸ್ತೀರ್ಣ ಹತ್ತಿರ ಹತ್ತಿರ ಒಂದು ಕೋಟಿ ಚದರ ಕಿಲೋಮೀಟರ್, ಭಾರತದ ಮೂರು ಪಟ್ಟು. ಜನಸಂಖ್ಯೆ ಸುಮಾರು ನಾಲ್ಕು ಕೋಟಿ. 2011ರ ಜನಗಣತಿಯಲ್ಲೇ ನಮ್ಮ ಕರ್ನಾಟಕದ ಜನ ಆರು ಕೋಟಿ ದಾಟಿದ್ದರು. ಅಂದರೆ ಕರ್ನಾಟಕಕ್ಕಿಂತ ಕಡಿಮೆ ಜನ, ಮೂರು ಭಾರತದಷ್ಟು ನೆಲ, ಮೂರು ಕಡೆ ಮಹಾಸಾಗರ. ಆ ಜನರಲ್ಲೂ ಬಹುಪಾಲು ಇರುವುದು ಅಮೆರಿಕದ ಗಡಿಗೆ ಅಂಟಿಕೊಂಡ ಪಟ್ಟಿಯಲ್ಲಿ. ಮೇಲಿನ ಉತ್ತರವೆಲ್ಲ ಹಿಮ, ಬಂಡೆ, ದ್ವೀಪ, ಅಲ್ಲಲ್ಲಿ ಇನುಯಿಟ್ ಎಂಬ ಮೂಲನಿವಾಸಿ ಜನರ ಸಣ್ಣ ಊರುಗಳು. ಧ್ರುವದ ಆಚೆಗೆ ರಷ್ಯಾ. ನೆಲದ ಗಡಿ ಇದ್ದದ್ದು ಒಂದೇ ದೇಶದ ಜೊತೆ. 2022ರ ಜೂನ್‌ನಲ್ಲಿ ಹಾನ್ಸ್ ಎಂಬ ಪುಟ್ಟ ಬಂಡೆ ದ್ವೀಪವನ್ನು ಡೆನ್ಮಾರ್ಕಿನ ಜೊತೆ ಹಂಚಿಕೊಂಡ ಮೇಲೆ ಎರಡನೆಯ ನೆರೆಯವನೂ ಸಿಕ್ಕಿದ. ಇಬ್ಬರೂ ನ್ಯಾಟೊ ಎಂಬ ಮಿಲಿಟರಿ ಒಕ್ಕೂಟದ ಸದಸ್ಯರು. ಸುಮಾರು ಐವತ್ತು ವರ್ಷ ಎಳೆದಾಡಿದ ಆ ಜಗಳವನ್ನು ಒಂದು ಗುಂಡೂ ಹಾರಿಸದೆ ಮುಗಿಸಿದರು. ಇದು ಮೆಚ್ಚಬೇಕಾದ ಸಂಗತಿ, ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಈಗ 1938ಕ್ಕೆ ಬನ್ನಿ. ಆಗಸ್ಟ್ 18ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೆನಡಾದ ಕಿಂಗ್‌ಸ್ಟನ್ ಊರಿಗೆ ಗೌರವ ಡಾಕ್ಟರೇಟ್ ಸ್ವೀಕರಿಸಲು ಬಂದರು. ಬೇರೆ ಯಾವುದೇ ಸಾಮ್ರಾಜ್ಯ ಕೆನಡಾದ ನೆಲವನ್ನು ಕಬಳಿಸಲು ಬಂದರೆ ಅಮೆರಿಕದ ಜನ ಕೈಕಟ್ಟಿ ಕೂರುವುದಿಲ್ಲ ಎಂದು ಅಲ್ಲಿ ಭರವಸೆ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ಆದರೆ ಕೆನಡಾದ ಪ್ರಧಾನಿ ಮೆಕೆಂಜಿ ಕಿಂಗ್ ಆ ಮಾತಿನೊಳಗಿನ ಇನ್ನೊಂದು ಮಾತನ್ನೂ ಕೇಳಿಸಿಕೊಂಡರು. ಎರಡೇ ದಿನಕ್ಕೆ ವುಡ್‌ಬ್ರಿಜ್‌ನಲ್ಲಿ ಉತ್ತರ ಕೊಟ್ಟರು: ಒಳ್ಳೆಯ ನೆರೆಯವರಾಗಿ ನಮಗೂ ಕರ್ತವ್ಯವಿದೆ, ನಮ್ಮ ನೆಲ, ಜಲ, ಆಕಾಶಗಳನ್ನು ದಾಟಿ ಶತ್ರು ಅಮೆರಿಕಕ್ಕೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಕೆನಡಾದ ರಕ್ಷಣಾ ನೀತಿಯನ್ನು ಓದುವವರು ಅಲ್ಲಿಂದಲೇ ಶುರುಮಾಡಬೇಕು ಎಂದು ನನಗೆ ಅನ್ನಿಸುತ್ತದೆ. ಅಮೆರಿಕಕ್ಕೆ ತನ್ನ ಉತ್ತರದ ಬಾಗಿಲ ಬಗ್ಗೆ ಭಯ ಹುಟ್ಟಿಸಬಾರದು. ಭಯ ಹುಟ್ಟಿದರೆ ಆ ಬಾಗಿಲಿಗೆ ಅವರೇ ಕಾವಲು ನಿಲ್ಲುತ್ತಾರೆ.

ನಿಂತೂ ನಿಂತರು. 1942ರಲ್ಲಿ, ಜಪಾನಿನ ಭಯ ಹೆಚ್ಚಿದಾಗ, ಅಮೆರಿಕದ ಸೇನೆ ಸಾವಿರಾರು ಸೈನಿಕರನ್ನು ತಂದು ಬ್ರಿಟಿಷ್ ಕೊಲಂಬಿಯಾ, ಯೂಕಾನ್‌ಗಳ ಕಾಡು ಸೀಳಿ ಅಲಾಸ್ಕಾಗೆ ಹೆದ್ದಾರಿ ಕಟ್ಟಿತು. ಕೆಲವೇ ತಿಂಗಳ ಕೆಲಸ. ಕೆನಡಾದ ನೆಲದಲ್ಲಿ ಕೆನಡಾದವರಿಗಿಂತ ಅಮೆರಿಕದ ಸಮವಸ್ತ್ರದವರೇ ಹೆಚ್ಚಿಗೆ ಕಾಣುವ ಜಾಗಗಳು ಹುಟ್ಟಿಕೊಂಡವು. ಯುದ್ಧದ ಕೊನೆಗೆ ಕೆನಡಾ ಏನು ಮಾಡಿತು ಗೊತ್ತೇ? ಅಮೆರಿಕ ಕಟ್ಟಿದ್ದ ವಿಮಾನ ನಿಲ್ದಾಣಗಳಿಗೆ ದುಡ್ಡು ತೆತ್ತು ತನ್ನ ಹೆಸರಿಗೆ ಮಾಡಿಸಿಕೊಂಡಿತು. ಮಿತ್ರ ಪುಕ್ಕಟೆ ಕಟ್ಟಿಕೊಟ್ಟದ್ದಕ್ಕೆ ಯಾಕೆ ದುಡ್ಡು ಕೊಡಬೇಕು ಎಂದು ಕೇಳಬಹುದು. ಹಂಗು ಉಳಿಯಬಾರದು ಎಂದೇ ಕೊಟ್ಟದ್ದು. ಆ ತಲೆಮಾರಿನ ಅಧಿಕಾರಿಗಳಿಗೆ ಈ ಸೂಕ್ಷ್ಮ ಚೆನ್ನಾಗಿ ತಿಳಿದಿತ್ತು.

1949ರಲ್ಲಿ ನ್ಯಾಟೊ ಕಟ್ಟಿದ ಹನ್ನೆರಡು ದೇಶಗಳಲ್ಲಿ ಕೆನಡಾವೂ ಒಂದು. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದಂತೆ ಎನ್ನುವ ಐದನೇ ವಿಧಿಯನ್ನು ಎಲ್ಲರೂ ಬಲ್ಲರು. ಎರಡನೇ ವಿಧಿಯನ್ನು ಯಾರೂ ನೆನೆಯುವುದಿಲ್ಲ. ಸದಸ್ಯ ದೇಶಗಳು ಆರ್ಥಿಕವಾಗಿಯೂ ಸಹಕರಿಸಬೇಕು, ತಮ್ಮ ನಡುವಿನ ಆರ್ಥಿಕ ತಿಕ್ಕಾಟ ತೆಗೆಯಬೇಕು ಎನ್ನುವ ವಿಧಿ ಅದು. ಹಟ ಹಿಡಿದು ಅದನ್ನು ಸೇರಿಸಿದವರು ಕೆನಡಾದವರು. ಸಣ್ಣವನು ದೊಡ್ಡವನ ಜೊತೆ ಇಬ್ಬರೇ ಕೂತರೆ ನಡೆಯುವುದು ದೊಡ್ಡವನ ಮಾತು. ಹನ್ನೆರಡು ಜನರ ನಡುವೆ ಕೂತರೆ ಸಣ್ಣವನಿಗೂ ನಾಲ್ಕು ಜನ ಜೊತೆ ಸಿಗುತ್ತಾರೆ. ನ್ಯಾಟೊದಿಂದ ಕೆನಡಾ ಬಯಸಿದ್ದು ಮುಖ್ಯವಾಗಿ ಈ ಗುಂಪಿನ ಆಸರೆಯನ್ನು.

ಆದರೆ ಆಕಾಶದ ವಿಷಯದಲ್ಲಿ ಇಬ್ಬರೇ ಕೂರಬೇಕಾಯಿತು. ಸೋವಿಯತ್ ಬಾಂಬರುಗಳು ಧ್ರುವ ದಾಟಿ ಬರುವ ದಾರಿ ಕೆನಡಾದ ಮೇಲೆಯೇ ಹಾದುಹೋಗುತ್ತದೆ. 1957ರಲ್ಲಿ ಶುರುವಾಗಿ 1958ರ ಮೇ 12ರಂದು ಸಹಿಯಾದ ನೊರಾಡ್ ಒಪ್ಪಂದ ಎರಡೂ ದೇಶಗಳ ವಾಯು ರಕ್ಷಣೆಯನ್ನು ಒಂದೇ ದಳಪತಿಯ ಕೈಗೆ ಕೊಟ್ಟಿತು. ಕೇಂದ್ರ ಕಚೇರಿ ಕೊಲೊರಾಡೊದಲ್ಲಿ. ದಳಪತಿ ಅಮೆರಿಕದವರು, ಉಪದಳಪತಿ ಕೆನಡಾದವರು. ಇದನ್ನು ಬರೀ ಗುಲಾಮಗಿರಿ ಎಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ನೊರಾಡ್‌ನ ಶೆಯೆನ್ ಪರ್ವತದ ಕೇಂದ್ರದಲ್ಲಿ ಕಾರ್ಯಾಚರಣೆ ನೋಡಿಕೊಳ್ಳುತ್ತಿದ್ದವರು ಕೆನಡಾದ ಜನರಲ್ ರಿಕ್ ಫಿಂಡ್ಲಿ. ಅಮೆರಿಕದ ಇತಿಹಾಸದ ಅತಿ ಕೆಟ್ಟ ದಿನವೊಂದರಲ್ಲಿ ಆ ಕುರ್ಚಿಯಲ್ಲಿ ಕೆನಡಾದ ಅಧಿಕಾರಿಯೊಬ್ಬರು ಇದ್ದರು. ಬೇರೆ ಯಾವ ದೇಶಕ್ಕೂ ಅಮೆರಿಕ ಅಷ್ಟು ಒಳಗಿನ ಜಾಗ ಕೊಟ್ಟಿಲ್ಲ. ಅದೇ ದಿನ ಕೆನಡಾ ಇನ್ನೂರಕ್ಕೂ ಹೆಚ್ಚು ವಿಮಾನಗಳನ್ನು ತನ್ನ ನಿಲ್ದಾಣಗಳಲ್ಲಿ ಇಳಿಸಿಕೊಂಡಿತು. ಗ್ಯಾಂಡರ್ ಎಂಬ ಸಣ್ಣ ಊರಿನಲ್ಲೇ 38 ವಿಮಾನಗಳು, ಆರು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರು. ಊರಿನವರು ಮನೆ, ಶಾಲೆ, ಚರ್ಚುಗಳ ಬಾಗಿಲು ತೆರೆದು ಉಪಚರಿಸಿದರು.

ಈಗ ಒಂದು ವಿಮಾನದ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೆಂಗಳೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮಲ್ಲಿ ಮಕ್ಕಳು ಮೊಮ್ಮಕ್ಕಳನ್ನು ನೋಡಲು ಟೊರಾಂಟೊಗೆ ಹೋಗಿಬಂದವರು ಇದ್ದೀರಿ. ನೀವು ಇಳಿದ ಪಿಯರ್ಸನ್ ವಿಮಾನ ನಿಲ್ದಾಣದ ಹಳೆಯ ಹೆಸರು ಮಾಲ್ಟನ್. ಅಲ್ಲೇ ಆವ್ರೊ ಕೆನಡಾ ಕಂಪನಿಯ ಕಾರ್ಖಾನೆ ಇತ್ತು. ಅವರು ಆ್ಯರೋ ಎಂಬ ಯುದ್ಧ ವಿಮಾನ ಕಟ್ಟುತ್ತಿದ್ದರು: ಬಿಳಿ ಬಣ್ಣ, ದೊಡ್ಡ ತ್ರಿಕೋನದ ರೆಕ್ಕೆ, ಶಬ್ದದ ವೇಗದ ಎರಡು ಪಟ್ಟಿನ ಹತ್ತಿರ ಹೋಗಬಲ್ಲದ್ದು. 1957ರ ಅಕ್ಟೋಬರ್ 4ರಂದು ಸಾವಿರಾರು ಜನರ ಮುಂದೆ ಅದನ್ನು ಶೆಡ್ಡಿನಿಂದ ಹೊರಗೆ ತಂದರು. ಅದೇ ದಿನ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಬಾಂಬರುಗಳ ಕಾಲ ಮುಗಿಯಿತು, ಇನ್ನು ಕ್ಷಿಪಣಿಗಳ ಕಾಲ ಎಂಬ ಮಾತು ಅಂದಿನಿಂದಲೇ ಎದ್ದಿತು.

ಆ್ಯರೋ 1958ರ ಮಾರ್ಚ್ 25ರಂದು ಮೊದಲ ಸಲ ಹಾರಿತು. ಅದಕ್ಕೆಂದೇ ಇರೊಕ್ವಾಯ್ ಎಂಬ ಎಂಜಿನನ್ನೂ ಕೆನಡಾದಲ್ಲೇ ಮಾಡುತ್ತಿದ್ದರು. ಅಮೆರಿಕದಿಂದ ಎರವಲು ತಂದ ಬಿ-47 ಬಾಂಬರಿನ ಮೈಗೆ ಕಟ್ಟಿ ಅದನ್ನು ಪರೀಕ್ಷಿಸುತ್ತಿದ್ದರು. ಖರ್ಚು ಏರುತ್ತಾ ಹೋಯಿತು. ಕೆನಡಾದ ವಾಯುಪಡೆ ಒಂದೇ ಕೊಂಡರೆ ಸಾಲದು, ಮಿತ್ರರೂ ಕೊಳ್ಳಬೇಕಿತ್ತು. ಅಮೆರಿಕ ಕೊಳ್ಳಲಿಲ್ಲ, ಬ್ರಿಟನ್ ಕೊಳ್ಳಲಿಲ್ಲ. 1959ರ ಫೆಬ್ರವರಿ 20ರ ಶುಕ್ರವಾರ ಪ್ರಧಾನಿ ಡೀಫನ್‌ಬೇಕರ್ ಸಂಸತ್ತಿನಲ್ಲಿ ಎದ್ದು ನಿಂತು ಯೋಜನೆ ರದ್ದು ಎಂದರು. ಸಂಜೆಯೊಳಗೆ ಸುಮಾರು ಹದಿನಾಲ್ಕು ಸಾವಿರ ಜನರಿಗೆ ಕೆಲಸ ಇರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಹಾರುತ್ತಿದ್ದ ಐದು ವಿಮಾನಗಳನ್ನೂ ಕತ್ತರಿಸಿ ಗುಜರಿಗೆ ಹಾಕಿದರು. ಇರೊಕ್ವಾಯ್ ಎಂಜಿನಿನೊಂದಿಗೆ ಹಾರಲು ಸಿದ್ಧವಾಗುತ್ತಿದ್ದ ಆರನೆಯದರ ಮೂತಿಯ ಭಾಗ ಮಾತ್ರ ರಾಜಧಾನಿ ಒಟ್ಟಾವದ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಅಲ್ಲಿನ ಎಂಜಿನಿಯರುಗಳಲ್ಲಿ ಹಲವರು ನಾಸಾಕ್ಕೆ ಹೋದರು. ಜಿಮ್ ಚೇಂಬರ್ಲಿನ್, ಓವನ್ ಮೇನಾರ್ಡ್ ಅವರು ಜೆಮಿನಿ, ಅಪೊಲೊ ನೌಕೆಗಳ ವಿನ್ಯಾಸದಲ್ಲಿ ದೊಡ್ಡ ಕೆಲಸ ಮಾಡಿದರು.

ನಮ್ಮ ಎಚ್‌ಎಎಲ್ ನೆನಪಾಗುತ್ತದಲ್ಲವೇ? ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ಕೂತು ಎಚ್‌ಎಫ್-24 ಮಾರುತ್ ವಿನ್ಯಾಸ ಮಾಡಿದರು. 1961ರ ಜೂನ್ 17ರಂದು ಅದು ಇದೇ ಊರಿನಿಂದ ಹಾರಿತು. ಒಡಲು ಸೊಗಸಾಗಿತ್ತು, ತಕ್ಕ ಎಂಜಿನ್ ಮಾತ್ರ ಕೊನೆಯವರೆಗೂ ಸಿಗಲಿಲ್ಲ. ನಾವು ಯಾವ ಒಕ್ಕೂಟದಲ್ಲೂ ಇರಲಿಲ್ಲ, ಎಂಜಿನ್ ಕೊಡುವವರು ಸಿಗಲಿಲ್ಲ. ಕೆನಡಾ ಒಕ್ಕೂಟದೊಳಗೇ ಇತ್ತು, ಎಂಜಿನನ್ನೂ ತಾನೇ ಮಾಡಿತು, ಕೊಳ್ಳುವವರು ಸಿಗಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನ್ನಿಸುವುದು, ಒಕ್ಕೂಟದೊಳಗಿದ್ದರೆ ಮಾರುಕಟ್ಟೆ ತಾನಾಗಿ ಬರುತ್ತದೆ ಎಂದು ನಂಬುವುದು ದುಬಾರಿ ನಂಬಿಕೆ. ಆ್ಯರೋವನ್ನು ರದ್ದು ಮಾಡಿದ್ದಕ್ಕೆ ಡೀಫನ್‌ಬೇಕರ್ ಅವರನ್ನು ಕೆನಡಾದವರು ಇವತ್ತಿಗೂ ಬೈಯುತ್ತಾರೆ. ಲೆಕ್ಕ ನೋಡಿದರೆ ಅವರ ಮುಂದೆ ಬೇರೆ ದಾರಿ ಹೆಚ್ಚಿರಲಿಲ್ಲ. ಆದರೆ ಕತ್ತರಿಸಿ ಗುಜರಿಗೆ ಹಾಕಿದ್ದು, ಒಂದೇ ದಿನಕ್ಕೆ ಅಷ್ಟು ಜನರ ಕೈಯ ವಿದ್ಯೆಯನ್ನು ಚೆದುರಿಸಿದ್ದು, ಅದಕ್ಕೆ ಕ್ಷಮೆ ಇಲ್ಲ. ಆಮೇಲೆ ಕೆನಡಾ ಅಮೆರಿಕದ ಬಳಸಿದ ವೂಡೂ ವಿಮಾನಗಳನ್ನು ತಂದಿತು. ಅಮೆರಿಕದ ರಕ್ಷಣಾ ಗುತ್ತಿಗೆಗಳಲ್ಲಿ ಕೆನಡಾದ ಕಂಪನಿಗಳಿಗೆ ಪಾಲು ಸಿಗುವ ಏರ್ಪಾಡಾಯಿತು. ಇಡೀ ಯುದ್ಧ ವಿಮಾನ ಕಟ್ಟುತ್ತಿದ್ದ ದೇಶ ಬಿಡಿಭಾಗ ಮಾಡುವ ದೇಶವಾಯಿತು.

ಆ್ಯರೋ ಜಾಗಕ್ಕೆ ಬಂದ ಇನ್ನೊಂದು ಆಯುಧ ಬೊಮಾರ್ಕ್. ಅಮೆರಿಕದ ಕ್ಷಿಪಣಿ, ಒಟ್ಟು 56. ಒಂಟಾರಿಯೊದ ನಾರ್ತ್ ಬೇ, ಕ್ವಿಬೆಕ್‌ನ ಲಾ ಮಕಾಜಾ, ಈ ಎರಡು ನೆಲೆಗಳಲ್ಲಿ ಇಟ್ಟರು. ಅದಕ್ಕೆ ಅಣು ಸಿಡಿತಲೆ ಬೇಕು. ಕ್ಷಿಪಣಿಗೆ ಒಪ್ಪಿದ ಸರ್ಕಾರ ಸಿಡಿತಲೆಗೆ ಒಪ್ಪಲಾರದೆ ವರ್ಷಗಟ್ಟಲೆ ಒದ್ದಾಡಿತು. ಅಷ್ಟರಲ್ಲಿ 1962ರ ಅಕ್ಟೋಬರ್, ಸೋವಿಯತ್ ಕ್ಷಿಪಣಿಗಳು ಕ್ಯೂಬಾಕ್ಕೆ ಬಂದದ್ದರಿಂದ ಎದ್ದ ಬಿಕ್ಕಟ್ಟು. ಅಮೆರಿಕದ ಅಧ್ಯಕ್ಷ ಕೆನಡಿ ಭಾಷಣ ಮಾಡುವ ಕೆಲವೇ ಗಂಟೆ ಮೊದಲು ಅವರ ದೂತ ಒಟ್ಟಾವಕ್ಕೆ ಬಂದು ವಿಷಯ ತಿಳಿಸಿದರು. ಸಮಾಲೋಚನೆ ಎನ್ನುವಂಥದ್ದೇನೂ ನಡೆಯಲಿಲ್ಲ. ಡೀಫನ್‌ಬೇಕರ್ ಸಿಟ್ಟಾದರು. ಕೆನಡಾದ ಪಡೆಗಳನ್ನು ಎಚ್ಚರದ ಸ್ಥಿತಿಗೆ ತರುವ ಆದೇಶಕ್ಕೆ ಅಕ್ಟೋಬರ್ 24ರವರೆಗೂ ಒಪ್ಪಿಗೆ ಕೊಡಲಿಲ್ಲ. ಅವರ ರಕ್ಷಣಾ ಸಚಿವ ಡಗ್ಲಸ್ ಹಾರ್ಕ್‌ನೆಸ್ ಸದ್ದಿಲ್ಲದೆ ಪಡೆಗಳನ್ನು ಸಜ್ಜು ಮಾಡಿಬಿಟ್ಟಿದ್ದರು. ಯೋಚಿಸಿ: ಒಂದೇ ದಳಪತಿಯ ಕೆಳಗಿರುವ ಎರಡು ದೇಶಗಳ ಪಡೆಗಳಲ್ಲಿ ಒಂದರ ಪ್ರಧಾನಿ ಬೇಡ ಎನ್ನುತ್ತಿದ್ದಾರೆ, ಅವರ ಸಚಿವರೇ ಹೂಂ ಎಂದಿದ್ದಾರೆ. 1963ರ ಜನವರಿ 30ರಂದು ಅಮೆರಿಕದ ವಿದೇಶಾಂಗ ಇಲಾಖೆ ಕೆನಡಾದ ಪ್ರಧಾನಿಯ ಮಾತನ್ನು ಅಲ್ಲಗಳೆದು ಪತ್ರಿಕಾ ಹೇಳಿಕೆ ಹೊರಡಿಸಿತು. ಹಾರ್ಕ್‌ನೆಸ್ ರಾಜೀನಾಮೆ ಕೊಟ್ಟರು. ಫೆಬ್ರವರಿ 5ರಂದು ಸರ್ಕಾರ ಬಿತ್ತು. ಚುನಾವಣೆಯಲ್ಲಿ ಗೆದ್ದು ಬಂದ ಲೆಸ್ಟರ್ ಪಿಯರ್ಸನ್ ಸಿಡಿತಲೆಗಳನ್ನು ಒಪ್ಪಿಕೊಂಡರು. ಶಾಂತಿ ಪಾಲನೆಗೆ ನೊಬೆಲ್ ಪಡೆದ ಅದೇ ಪಿಯರ್ಸನ್. ಮಾತು ಕೊಟ್ಟಾಗಿದೆ, ಉಳಿಸಿಕೊಳ್ಳಬೇಕು ಎಂದು ಅವರ ವಾದ. ಕೊನೆಯ ಅಣ್ವಸ್ತ್ರ ಕೆನಡಾ ಬಿಟ್ಟು ಹೋದದ್ದು 1984ರಲ್ಲಿ.

ಈಗ ಉತ್ತರಕ್ಕೆ ಹೋಗೋಣ. 1950ರ ದಶಕದ ನಡುವಿನಲ್ಲಿ ಅಮೆರಿಕ ತನ್ನ ಖರ್ಚಿನಲ್ಲಿ ಆರ್ಕ್ಟಿಕ್‌ನ ಉದ್ದಕ್ಕೂ ಡ್ಯೂ ಲೈನ್ ಎಂಬ ರೇಡಾರ್ ಸರಪಳಿ ಕಟ್ಟಿತು. 1957ಕ್ಕೆ ಮುಗಿಯಿತು. ಮೂರು ದಶಕಗಳ ನಂತರ ರೇಡಾರುಗಳು ಹಳತಾದವು, ನಾರ್ತ್ ವಾರ್ನಿಂಗ್ ಸಿಸ್ಟಮ್ ಬಂತು. ಹಳೆಯ ಠಾಣೆಗಳಲ್ಲಿ ಉಳಿದದ್ದು ಎಣ್ಣೆಯ ಡ್ರಮ್ಮುಗಳು, ಪಿಸಿಬಿ ಎಂಬ ವಿಷ ಸೇರಿದ ಮಣ್ಣು. ಅದನ್ನು ಗುಡಿಸಿ ಶುದ್ಧ ಮಾಡಲು ಕೆನಡಾಕ್ಕೆ ಐವತ್ತು ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು.

ಹಣದ ಲೆಕ್ಕ ಹೇಗೋ ತೀರುತ್ತದೆ. ತೀರದ ಲೆಕ್ಕವೊಂದಿದೆ. 1953ರಲ್ಲಿ ಕ್ವಿಬೆಕ್‌ನ ಉತ್ತರದಲ್ಲಿರುವ ಇನುಕ್ಜುಆಕ್ ಊರಿನ ಇನುಯಿಟ್ ಕುಟುಂಬಗಳನ್ನು ಸರ್ಕಾರ ಹಡಗಿಗೆ ಹತ್ತಿಸಿ ಸುಮಾರು ಎರಡು ಸಾವಿರ ಕಿಲೋಮೀಟರ್ ಮೇಲೆ, ಗ್ರೀಸ್ ಫಿಯೋರ್ಡ್, ರೆಸಲ್ಯೂಟ್ ಎಂಬಲ್ಲಿ ಬಿಟ್ಟಿತು. 1955ರಲ್ಲಿ ಇನ್ನಷ್ಟು ಜನರನ್ನು ಒಯ್ದಿತು. ಅಲ್ಲಿ ಬೇಟೆ ಚೆನ್ನಾಗಿದೆ, ಬೇಡವೆಂದರೆ ಎರಡು ವರ್ಷಕ್ಕೆ ವಾಪಸು ಕರೆತರುತ್ತೇವೆ ಎಂದು ಮಾತು ಕೊಟ್ಟಿದ್ದರು. ಅವರ ಊರಿನಲ್ಲಿ ಚಳಿಗಾಲದಲ್ಲೂ ಸೂರ್ಯ ಕಾಣುತ್ತಿದ್ದ. ಹೊಸ ಜಾಗದಲ್ಲಿ ತಿಂಗಳುಗಟ್ಟಲೆ ಕತ್ತಲೆ. ಗೊತ್ತಿಲ್ಲದ ಪ್ರಾಣಿಗಳು, ಗೊತ್ತಿಲ್ಲದ ಮಂಜು, ಹೋಗುವಾಗ ಮನೆಯಿಲ್ಲ, ಡೇರೆ. ಒಂದೇ ಜಾಗಕ್ಕೆ ಹೋಗುತ್ತೇವೆ ಎಂದುಕೊಂಡಿದ್ದ ಬಂಧುಗಳನ್ನು ದಾರಿಯಲ್ಲಿ ಬೇರೆಬೇರೆ ಮಾಡಿದರು. ವಾಪಸು ಕರೆತರುವ ಮಾತು ನಡೆಯಲಿಲ್ಲ. ದೂರದ ದ್ವೀಪಗಳಲ್ಲಿ ಕೆನಡಾದ ಪ್ರಜೆಗಳು ನೆಲೆಸಿದ್ದರೆ ಆ ದ್ವೀಪಗಳು ಕೆನಡಾದವೇ ಎಂದು ತೋರಿಸಲು ಅನುಕೂಲ ಎಂಬ ಯೋಚನೆ ಇದರ ಹಿಂದೆ ಇತ್ತೆಂದು ಆ ಕುಟುಂಬಗಳು ಹೇಳುತ್ತಲೇ ಬಂದವು. 2010ರಲ್ಲಿ ಕೆನಡಾ ಸರ್ಕಾರ ಕ್ಷಮೆ ಕೇಳಿತು. ಈಗ ಗ್ರೀಸ್ ಫಿಯೋರ್ಡ್‌ನಲ್ಲಿ ಒಬ್ಬ ಹೆಂಗಸು ಮತ್ತು ಮಗುವಿನ ಕಲ್ಲಿನ ಶಿಲ್ಪವಿದೆ, ರೆಸಲ್ಯೂಟ್‌ನಲ್ಲಿ ಒಬ್ಬ ಗಂಡಸಿನದು.

ದೇಶದ ಭದ್ರತೆ ಎಂದು ನಾವು ದೊಡ್ಡ ದೊಡ್ಡ ಮಾತಾಡುವಾಗ ಆ ಡೇರೆಗಳನ್ನು ಮರೆಯಬಾರದು. ಇವತ್ತು ಅದೇ ಜನರಲ್ಲಿ ಅನೇಕರು ಕೆನಡಿಯನ್ ರೇಂಜರ್ಸ್ ಪಡೆಯಲ್ಲಿದ್ದಾರೆ. 1947ರಲ್ಲಿ ಹುಟ್ಟಿದ ಪಡೆ, ಈಗ ಸುಮಾರು ಐದು ಸಾವಿರ ಜನ. ಕೆಂಪು ಸ್ವೆಟ್‌ಶರ್ಟು, ಹಿಮದ ಬಂಡಿ, ಊರಿನ ಸುತ್ತಲಿನ ಮಂಜಿನ ಒಂದೊಂದು ಬಿರುಕೂ ಗೊತ್ತು. ಅವರ ಕೈಯಲ್ಲಿ ದಶಕಗಳ ಕಾಲ ಇದ್ದದ್ದು ನಮ್ಮ ಪೊಲೀಸರ ಹೆಗಲ ಮೇಲೆ ನೀವೆಲ್ಲ ನೋಡಿರುವ ಅದೇ ತ್ರೀ ನಾಟ್ ತ್ರೀ ರೈಫಲ್. ಎಂಥ ಚಳಿಯಲ್ಲೂ ಕೈಕೊಡುವುದಿಲ್ಲ ಎಂದು ಇಟ್ಟುಕೊಂಡಿದ್ದರು, ಈಚೆಗೆ ಬದಲಾಯಿಸಿದ್ದಾರೆ.

ಆ ದ್ವೀಪಗಳ ನಡುವೆ ಹಾದುಹೋಗುವುದೇ ಅಟ್ಲಾಂಟಿಕ್, ಪೆಸಿಫಿಕ್ ಸಾಗರಗಳನ್ನು ಜೋಡಿಸುವ ವಾಯವ್ಯ ಜಲಮಾರ್ಗ. ಇದು ನಮ್ಮ ಒಳನಾಡಿನ ನೀರು ಎಂದು ಕೆನಡಾ. ಅಂತರರಾಷ್ಟ್ರೀಯ ಜಲಸಂಧಿ, ಯಾರು ಬೇಕಾದರೂ ಹಾಯಬಹುದು ಎಂದು ಅಮೆರಿಕ. 1969ರಲ್ಲಿ ಮ್ಯಾನ್‌ಹಟನ್ ಎಂಬ ಅಮೆರಿಕದ ತೈಲ ಹಡಗು ಹಾದುಹೋಯಿತು, 1985ರಲ್ಲಿ ಪೋಲಾರ್ ಸೀ ಎಂಬ ಅಮೆರಿಕದ ಹಿಮಭಂಜಕ ಅನುಮತಿ ಕೇಳದೆಯೇ ಹಾದುಹೋಯಿತು. ಕೆನಡಾದಲ್ಲಿ ಗದ್ದಲವೆದ್ದಿತು. 1988ರಲ್ಲಿ ಒಂದು ಒಪ್ಪಂದವಾಯಿತು: ಅಮೆರಿಕದ ಹಿಮಭಂಜಕಗಳು ಕೆನಡಾದ ಒಪ್ಪಿಗೆ ಪಡೆದು ಹೋಗಬೇಕು, ಆದರೆ ಇದರಿಂದ ಎರಡೂ ಕಡೆಯ ಕಾನೂನಿನ ನಿಲುವಿಗೆ ಧಕ್ಕೆಯಿಲ್ಲ. ಜಗಳ ಬಗೆಹರಿಯಲಿಲ್ಲ, ಜಗಳದೊಂದಿಗೆ ಬದುಕುವ ದಾರಿ ಸಿಕ್ಕಿತು. ಮಿತ್ರರ ನಡುವೆ ಇದೂ ಒಂದು ದೊಡ್ಡ ಸಾಧನೆ. ಆದರೆ 2019ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮೈಕ್ ಪಾಂಪಿಯೊ ಕೆನಡಾದ ಹಕ್ಕುಸಾಧನೆ ನ್ಯಾಯಬದ್ಧವಲ್ಲ ಎಂದು ಬಹಿರಂಗವಾಗಿ ಹೇಳಿದರು. ಮಂಜು ಕರಗುತ್ತಾ ಬಂದಂತೆ ಆ ದಾರಿಗೆ ಬೆಲೆ ಏರುತ್ತಿದೆ. ನೀರು ನಮ್ಮದು ಎನ್ನುವವರಿಗೆ ಅಲ್ಲಿ ಹಡಗಿರಬೇಕು, ಬಂದರಿರಬೇಕು. ಬಾಫಿನ್ ದ್ವೀಪದ ನಾನಿಸಿವಿಕ್‌ನಲ್ಲಿ ನೌಕಾ ನೆಲೆ ಮಾಡುತ್ತೇವೆ ಎಂದು 2007ರಲ್ಲಿ ಘೋಷಿಸಿದರು. ಹದಿನೈದು ವರ್ಷ ಕಳೆದರೂ ಅದು ಪೂರ್ತಿ ಕೆಲಸಕ್ಕೆ ಬಂದಿರಲಿಲ್ಲ.

ಒಕ್ಕೂಟದಲ್ಲಿದ್ದೂ ಇಲ್ಲ ಎನ್ನಲು ಸಾಧ್ಯವೇ? ಎರಡು ಇಲ್ಲಗಳನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ. ಮೊದಲನೆಯದು 2003ರ ಮಾರ್ಚ್ 17. ಇರಾಕ್ ಯುದ್ಧಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಇಲ್ಲ, ನಾವು ಸೇರುವುದಿಲ್ಲ ಎಂದು ಪ್ರಧಾನಿ ಝಾನ್ ಕ್ರೆಟಿಯೆನ್ ಸಂಸತ್ತಿನಲ್ಲಿ ಹೇಳಿದರು. ವಾಷಿಂಗ್ಟನ್ ಮುನಿಸಿಕೊಂಡಿತು, ಆಕಾಶವೇನೂ ಕಳಚಿಬೀಳಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಕೆನಡಾ ಅಫ್ಘಾನಿಸ್ತಾನದಲ್ಲಿ ಇಳಿದಾಗಿತ್ತು. 2002ರ ಏಪ್ರಿಲ್‌ನಲ್ಲಿ ಕಂದಹಾರದ ಬಳಿ ಅಮೆರಿಕದ ಎಫ್-16 ವಿಮಾನ ಶತ್ರುವೆಂದುಕೊಂಡು ಹಾಕಿದ ಬಾಂಬಿಗೆ ಕೆನಡಾದ ನಾಲ್ವರು ಸೈನಿಕರು ಸತ್ತಿದ್ದರು. ಆ ಯುದ್ಧ ಮುಗಿಯುವ ಹೊತ್ತಿಗೆ ಸತ್ತ ಕೆನಡಾದ ಸೈನಿಕರು 158. ಅಷ್ಟು ತೆತ್ತವನು ಬೇಡ ಎಂದಾಗ ಹೇಡಿ ಎನ್ನುವುದು ಕಷ್ಟ.

ಎರಡನೆಯದು 2005ರ ಫೆಬ್ರವರಿ. ಅಮೆರಿಕದ ಕ್ಷಿಪಣಿ ರಕ್ಷಣಾ ವ್ಯವಸ್ಥೆಗೆ ಸೇರುವುದಿಲ್ಲ ಎಂದು ಪ್ರಧಾನಿ ಪಾಲ್ ಮಾರ್ಟಿನ್ ಹೇಳಿದರು. ಜನರಿಗೆ ಹಿತವೆನಿಸಿದ ನಿರ್ಧಾರ. ನನಗೆ ಇದು ಸರಿಯಾದ ಇಲ್ಲ ಎನಿಸುವುದಿಲ್ಲ. ಕ್ಷಿಪಣಿ ಬಂದರೆ ಅದು ಹಾಯುವುದು ಕೆನಡಾದ ಮೇಲೆಯೇ. ನೊರಾಡ್‌ನಲ್ಲಿ ಕೂತ ಕೆನಡಾದ ಅಧಿಕಾರಿಗಳು ಅದು ಬರುತ್ತಿದೆ ಎಂದು ಎಚ್ಚರಿಕೆ ಕೊಡುವುದರಲ್ಲಿ ಪಾಲುದಾರರು. ಹೊಡೆಯಬೇಕೇ ಬೇಡವೇ ಎಂಬ ಮಾತು ಬಂದಾಗ ಅವರಿಗೆ ಪಾತ್ರವಿಲ್ಲ. 2017ರಲ್ಲಿ ನೊರಾಡ್‌ನ ಉಪದಳಪತಿಯಾಗಿದ್ದ ಕೆನಡಾದ ಪಿಯರ್ ಸೇಂಟ್ ಅಮಾಂಡ್ ಸಂಸದೀಯ ಸಮಿತಿಯ ಮುಂದೆ ಬಂದು, ಕ್ಷಿಪಣಿ ದಾಳಿಯಿಂದ ಕೆನಡಾವನ್ನು ರಕ್ಷಿಸುವುದು ಸದ್ಯದ ಅಮೆರಿಕದ ನೀತಿಯಲ್ಲಿಲ್ಲ ಎಂದು ನೇರವಾಗಿ ಹೇಳಿದರು. ಇರಾಕ್ ಯುದ್ಧ ಕೆನಡಾದ ನೆಲದಿಂದ ಬಹು ದೂರ ನಡೆಯುವಂಥದ್ದು. ಇದು ತನ್ನ ನೆತ್ತಿಯ ಮೇಲೆ ನಡೆಯುವಂಥದ್ದು. ನೆತ್ತಿಯ ಮೇಲಿನ ನಿರ್ಧಾರದಿಂದ ತಾನಾಗಿ ಎದ್ದುಹೋಗುವುದನ್ನು ಸ್ವಾತಂತ್ರ್ಯ ಎಂದು ಕರೆಯಲು ನನ್ನಿಂದಾಗದು.

ಯುರೋಪಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಶೀತಲ ಸಮರದುದ್ದಕ್ಕೂ ಪಶ್ಚಿಮ ಜರ್ಮನಿಯಲ್ಲಿ ಕೆನಡಾದ ಪಡೆ ಇತ್ತು, 1993ರಲ್ಲಿ ಗಂಟುಮೂಟೆ ಕಟ್ಟಿತು. 2017ರಿಂದ ಲಾಟ್ವಿಯಾದಲ್ಲಿ ನ್ಯಾಟೊದ ಬಹುರಾಷ್ಟ್ರೀಯ ಪಡೆಯನ್ನು ಕೆನಡಾ ಮುನ್ನಡೆಸುತ್ತಿದೆ. ಅದು ನಿಜಕ್ಕೂ ಒಳ್ಳೆಯ ಕೆಲಸ, ಲಾಟ್ವಿಯಾದವರಿಗೆ ಅದರ ಬೆಲೆ ಗೊತ್ತು. ಅಲ್ಲಿಗೆ ಜನ, ಟ್ಯಾಂಕು ಕಳಿಸಿದಷ್ಟೂ ಇಲ್ಲಿ ಉತ್ತರಕ್ಕೆ ಉಳಿಯುವುದು ಕಡಿಮೆ, ಅದೂ ನಿಜ.

ಜನ ಎಂದೆನಲ್ಲ, ಸೇನೆಗೆ ಜನವೇ ಸಿಗುತ್ತಿಲ್ಲ. ಮಂಜೂರಾದ 71,500 ಕಾಯಂ ಹುದ್ದೆಗಳಲ್ಲಿ ಸಾವಿರಗಟ್ಟಲೆ ಖಾಲಿ. 2022ರ ನವೆಂಬರ್‌ನಿಂದ ಕೆನಡಾದ ಪೌರತ್ವ ಇಲ್ಲದ, ಕಾಯಂ ನಿವಾಸದ ಅನುಮತಿ ಇರುವವರೂ ಸೇನೆ ಸೇರಬಹುದೆಂದು ನಿಯಮ ಬದಲಾಯಿತು. ಪಿಆರ್ ಸಿಕ್ಕಿತು ಎಂದು ಹುಬ್ಬಳ್ಳಿಗೋ ಮಂಗಳೂರಿಗೋ ಫೋನ್ ಮಾಡುವ ನಮ್ಮ ಹುಡುಗ ಹುಡುಗಿಯರಿಗೂ ಈ ಬಾಗಿಲು ಈಗ ತೆರೆದಿದೆ.

ಸಾಮಾನು ಕೊಳ್ಳುವ ಕಥೆ ಇನ್ನೂ ಬೇಸರದ್ದು. 1998ರಲ್ಲಿ ಬ್ರಿಟನ್ ಬಳಸಿ ಬಿಟ್ಟ ನಾಲ್ಕು ಸಬ್‌ಮರೀನುಗಳನ್ನು ಕೊಂಡರು. ಅವುಗಳಲ್ಲಿ ಕೊನೆಯದಾದ ಶಿಕುಟಿಮಿ 2004ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನಿಂದ ಕೆನಡಾಕ್ಕೆ ಹೊರಟ ಮೊದಲ ಯಾನದಲ್ಲೇ, ಒಳನುಗ್ಗಿದ ಕಡಲ ನೀರಿನಿಂದ ವಿದ್ಯುತ್ ತಂತಿಗಳಿಗೆ ಬೆಂಕಿ ಹತ್ತಿ ಒಬ್ಬ ಅಧಿಕಾರಿ ತೀರಿಕೊಂಡರು. ವಿಮಾನದ ವಿಷಯಕ್ಕೆ ಬಂದರೆ, ಅಮೆರಿಕದ 65 ಎಫ್-35 ಯುದ್ಧ ವಿಮಾನ ಕೊಳ್ಳುತ್ತೇವೆ ಎಂದು 2010ರಲ್ಲಿ ಒಂದು ಸರ್ಕಾರ ಘೋಷಿಸಿತು. ಕೊಳ್ಳುವುದಿಲ್ಲ ಎಂದು ಹೇಳಿ 2015ರಲ್ಲಿ ಇನ್ನೊಂದು ಗೆದ್ದಿತು. ನಡುವಿನ ತೇಪೆಗೆ ಆಸ್ಟ್ರೇಲಿಯಾ ಕೈಬಿಡುತ್ತಿದ್ದ ಹಳೆಯ ಎಫ್-18ಗಳನ್ನು ತಂದರು. 2023ರ ಜನವರಿಯಲ್ಲಿ, ಕೊಳ್ಳುವುದಿಲ್ಲ ಎಂದವರೇ 88 ಎಫ್-35ಗಳಿಗೆ 1,900 ಕೋಟಿ ಕೆನಡಿಯನ್ ಡಾಲರ್ ಎಂದು ಘೋಷಿಸಿದರು. 2025ರ ಜೂನ್‌ನಲ್ಲಿ ಲೆಕ್ಕಪರಿಶೋಧಕರ ವರದಿ ಅಂದಾಜು 2,770 ಕೋಟಿಗೆ ಏರಿದೆ ಎಂದಿತು. 1982ರಲ್ಲಿ ಸೇವೆಗೆ ಬಂದ ಸಿಎಫ್-18 ಇನ್ನೂ ಹಾರುತ್ತಲೇ ಇದೆ. ಇದಕ್ಕೆ ಅಮೆರಿಕವನ್ನು ದೂರಿ ಫಲವಿಲ್ಲ. ಇದು ಒಟ್ಟಾವದ ಎರಡೂ ಪಕ್ಷಗಳು ಸೇರಿ ಮಾಡಿಕೊಂಡದ್ದು. ಕಷ್ಟ ಬಂದರೆ ಪಕ್ಕದವರು ಇದ್ದಾರೆ ಎಂಬ ಧೈರ್ಯದಲ್ಲಿ ಪ್ರತಿ ನಿರ್ಧಾರವನ್ನೂ ಮುಂದಿನ ಚುನಾವಣೆಗೆ ದಾಟಿಸಿದರು.

ಆ ಧೈರ್ಯ 2025ರಲ್ಲಿ ಅಲುಗಾಡಿತು. ಕೆನಡಾ ಅಮೆರಿಕದ 51ನೇ ರಾಜ್ಯವಾಗಲಿ ಎಂದು ಅಧ್ಯಕ್ಷ ಟ್ರಂಪ್ ಮತ್ತೆಮತ್ತೆ ಹೇಳತೊಡಗಿದರು, ಸುಂಕ ಹೇರಿದರು. ಮೇ ತಿಂಗಳಲ್ಲಿ ಗೋಲ್ಡನ್ ಡೋಮ್ ಎಂಬ ಹೊಸ ಕ್ಷಿಪಣಿ ರಕ್ಷಣೆಗೆ ಬೆಲೆ ಕಟ್ಟಿದರು: ಕೆನಡಾ ಬೇರೆ ದೇಶವಾಗಿಯೇ ಉಳಿದರೆ 6,100 ಕೋಟಿ ಡಾಲರ್, 51ನೇ ರಾಜ್ಯವಾದರೆ ಪುಕ್ಕಟೆ. 2005ರಲ್ಲಿ ಮೇಜಿನಿಂದ ಎದ್ದುಬಂದವರಿಗೆ ಇಪ್ಪತ್ತು ವರ್ಷದ ಮೇಲೆ ಅದೇ ಮೇಜಿಗೆ ಮರಳುವ ದರ ಇದು. ಪ್ರಧಾನಿ ಮಾರ್ಕ್ ಕಾರ್ನಿ ಎಫ್-35 ಖರೀದಿಯನ್ನು ಮರುಪರಿಶೀಲಿಸಲು ಹೇಳಿದರು. ಜಿಡಿಪಿಯ ಶೇ 2ರಷ್ಟು ರಕ್ಷಣಾ ವೆಚ್ಚದ ಗುರಿಯನ್ನು ಅದೇ ಆರ್ಥಿಕ ವರ್ಷದಲ್ಲಿ ಮುಟ್ಟುತ್ತೇವೆ ಎಂದು ಜೂನ್ 9ರಂದು ಘೋಷಿಸಿದರು. ಆಯುಧ ಖರೀದಿಯ ಹಣದಲ್ಲಿ ಮುಕ್ಕಾಲು ಪಾಲು ಅಮೆರಿಕಕ್ಕೆ ಹೋಗುವುದು ನಿಲ್ಲಬೇಕು ಎಂದರು. ಯುರೋಪಿಯನ್ ಒಕ್ಕೂಟದೊಂದಿಗೆ ರಕ್ಷಣಾ ಪಾಲುದಾರಿಕೆಗೆ ಸಹಿ ಹಾಕಿದರು. ಹೊಸ ಸಬ್‌ಮರೀನುಗಳಿಗೆ ಜರ್ಮನಿಯ ಒಂದು, ದಕ್ಷಿಣ ಕೊರಿಯಾದ ಒಂದು ಕಂಪನಿಯನ್ನು ಆರಿಸಿ ಪಟ್ಟಿ ಮಾಡಿದರು. ಅದೇ ಜೂನ್‌ನ ಹೇಗ್ ಶೃಂಗಸಭೆಯಲ್ಲಿ ನ್ಯಾಟೊ ಗುರಿ 2035ಕ್ಕೆ ಶೇ 5 ಎಂದಾಯಿತು.

ಸಭೆಯಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ: ಇಷ್ಟೆಲ್ಲ ಅವಮಾನ ಸಹಿಸುವ ಬದಲು ಕೆನಡಾ ಒಕ್ಕೂಟ ಬಿಟ್ಟು ನಮ್ಮಂತೆ ಅಲಿಪ್ತವಾಗಿರಬಾರದೇ? ಪ್ರಶ್ನೆ ಸರಿಯಾಗಿದೆ. ಆದರೆ ಭಾರತಕ್ಕೂ ಅಮೆರಿಕಕ್ಕೂ ನಡುವೆ ಸಾಗರಗಳಿವೆ. ಕೆನಡಾ ನಾಳೆಯೇ ನೊರಾಡ್ ಬಿಟ್ಟರೂ ರಷ್ಯಾದ ಕ್ಷಿಪಣಿಯ ದಾರಿ ಬದಲಾಗುವುದಿಲ್ಲ. ಅಮೆರಿಕ ಆ ದಾರಿಯನ್ನು ಕಾಯುವುದನ್ನೂ ಬಿಡುವುದಿಲ್ಲ. ಈಗ ಕೇಳಿ ಕಾಯುತ್ತದೆ, ಆಗ ಕೇಳದೆ ಕಾಯುತ್ತದೆ. ಹಾಗಾಗಿ ಬಿಟ್ಟುಹೋಗುವುದು ಮಾರ್ಗವೇ ಅಲ್ಲ. ತನ್ನ ಉತ್ತರದಲ್ಲಿ ಏನು ನಡೆಯುತ್ತಿದೆ ಎಂದು ಅಮೆರಿಕಕ್ಕಿಂತ ಮೊದಲು ಕೆನಡಾಕ್ಕೇ ಗೊತ್ತಾಗಬೇಕು, ಅದು ಮೊದಲ ಕೆಲಸ. ಯಾರು ಮೊದಲು ನೋಡುತ್ತಾರೋ ಮುಂದೇನು ಎನ್ನುವುದರಲ್ಲಿ ಅವರ ಮಾತಿಗೆ ತೂಕ. ಎಷ್ಟು ವಿಮಾನ ಎಂಬ ಚರ್ಚೆಗಿಂತ ಈ ಚರ್ಚೆ ಅಲ್ಲಿ ಹೆಚ್ಚು ನಡೆಯಬೇಕು ಎಂಬುದು ನನ್ನ ಬಯಕೆ.

ಈಗಿರುವ ನಾರ್ತ್ ವಾರ್ನಿಂಗ್ ಸಿಸ್ಟಮ್‌ನ ರೇಡಾರುಗಳು ಬಾಂಬರುಗಳನ್ನು ನೋಡಲೆಂದು ಕಟ್ಟಿದವು. ದೂರದಿಂದಲೇ ಬಿಟ್ಟು, ತಗ್ಗಿನಲ್ಲಿ ಹಾರಿಬರುವ ಕ್ರೂಸ್ ಕ್ಷಿಪಣಿಗಳನ್ನು ಹಿಡಿಯಲು ಅವು ಸಾಲವು. 2022ರಲ್ಲಿ ನೊರಾಡ್ ನವೀಕರಣಕ್ಕೆ 20 ವರ್ಷದಲ್ಲಿ 3,860 ಕೋಟಿ ಕೆನಡಿಯನ್ ಡಾಲರ್ ಎಂದು ಅಂದಿನ ರಕ್ಷಣಾ ಸಚಿವೆ, ಭಾರತೀಯ ಮೂಲದ ಅನಿತಾ ಆನಂದ್ ಘೋಷಿಸಿದರು. ಅದರ ಮುಖ್ಯ ಭಾಗ ದಿಗಂತದಾಚೆಗೂ ನೋಡಬಲ್ಲ ರೇಡಾರ್. ರೇಡಿಯೊ ಅಲೆಗಳನ್ನು ವಾತಾವರಣದ ಮೇಲ್ಪದರಕ್ಕೆ ತಾಗಿಸಿ ಸಾವಿರಾರು ಕಿಲೋಮೀಟರ್ ದೂರದ ವಸ್ತುಗಳನ್ನು ಗುರುತಿಸುವ ತಂತ್ರ ಅದು. ಅದನ್ನು ಜಗತ್ತಿನಲ್ಲಿ ಬಹಳ ಚೆನ್ನಾಗಿ ಮಾಡಿದವರಲ್ಲಿ ಆಸ್ಟ್ರೇಲಿಯಾದವರು ಒಬ್ಬರು. ತಮ್ಮ ಉತ್ತರದ ಕಡಲು ಕಾಯಲು ದಶಕಗಳಿಂದ ಬಳಸುತ್ತಿದ್ದಾರೆ. ಅವರೂ ಅಮೆರಿಕದ ಒಕ್ಕೂಟದೊಳಗಿನ ಮಧ್ಯಮ ಬಲದವರೇ, ಇದೇ ಹಂಗಿನ ಕಷ್ಟ ಅವರಿಗೂ ಗೊತ್ತು. 2025ರ ಮಾರ್ಚ್ 18ರಂದು ಕಾರ್ನಿ ಇನುಯಿಟ್ ನಾಡಿನ ರಾಜಧಾನಿ ಇಕಾಲುಯಿಟ್‌ಗೆ ಹೋಗಿ, ಆಸ್ಟ್ರೇಲಿಯಾದ ಜೊತೆ ಸೇರಿ ಆ ರೇಡಾರನ್ನು ಕಟ್ಟುತ್ತೇವೆ, ಸುಮಾರು 600 ಕೋಟಿ ಡಾಲರ್ ಖರ್ಚು ಮಾಡುತ್ತೇವೆ ಎಂದು ಘೋಷಿಸಿದರು. ಡ್ಯೂ ಲೈನ್ ಕಟ್ಟಿದಾಗ ಹಣ ಅಮೆರಿಕದ್ದಾಗಿತ್ತು. ಈ ಸಲ ಹಣ ಕೆನಡಾದ್ದು.